ಮುಳುಗಿ ಗೆದ್ದ ಕಪ್ಪೆಯ ಸೋಲು

ಹೆಸರು ಹೇಳಿದರೆ ಜಗಳಕ್ಕೆ ಬರುತ್ತಾರೆ, ಅದಕ್ಕೇ ಒಂದು ಊರು ಅಂತಷ್ಟೇ ಇಟ್ಟುಕೊಳ್ಳಿ. ಅಲ್ಲಿದ್ದದ್ದು ಒಂದೇ ಕೆರೆ. ಅದರಲ್ಲಿ ಯಾವ ಕಾಲದಿಂದಲೋ ಕಪ್ಪೆಗಳು ಬಾಳಿಕೊಂಡಿದ್ದವು. ಒಮ್ಮೆ ಅರಸನಿಗೆ ಯಾರೋ ಹಿಮದ ಕಡಲಿನಿಂದ ಸೀಲ್ ಎಂಬ ಪ್ರಾಣಿಯನ್ನು ಉಡುಗೊರೆ ಕಳಿಸಿದರು. ಎಮ್ಮೆಕರುವಿನಷ್ಟು ಮೈ, ಮಿರಮಿರ ಮಿಂಚುವ ಬೆನ್ನು, ಮೇಲೊಂದು ಮೀಸೆ! ನೋಡಿದವರೆಲ್ಲ ಬಾಯಿ ಬಿಟ್ಟರು. ಇಂಥ ಗಣ್ಯರಿಗೆ ಇಡೀ ಕೆರೆಯೇ ಬೇಕು ಎಂದ ಮಂತ್ರಿ.

"ನನ್ನ ಮೊಟ್ಟೆಗಳು ಅಲ್ಲೇ ಇವೆ, ಬುದ್ಧಿ" ಎಂದಳು ತಾಯಿಕಪ್ಪೆ. "ಮರಿಗಳಿಗೆ ಕಾಲು ಮೂಡೋ ತನಕ ನೀರು ಬಿಟ್ಟರೆ ಬದುಕಲ್ಲ."

ನೀರಿಗೆ ವ್ಯಾಜ್ಯ ಬಂದರೆ ಆ ಊರಿನಲ್ಲಿ ಒಂದು ಪದ್ಧತಿ. ಇಬ್ಬರೂ ಕೆರೆಯಲ್ಲಿ ಮುಳುಗಬೇಕು, ಮೊದಲು ತಲೆ ಎತ್ತಿದವರು ಸೋತಂತೆ. ಸರಿ, ಇಬ್ಬರೂ ಮುಳುಗಿದರು. ಸ್ವಲ್ಪ ಹೊತ್ತಿಗೆ ಸೀಲ್ ಬುಸ್ಸೆಂದು ಮೇಲೆ ಬಂತು. ಕಪ್ಪೆ ಮಾತ್ರ ಮೊಟ್ಟೆಗಳ ಪಕ್ಕ ಕೂತೇ ಇದ್ದಳು. ಕೊನೆಗೆ ಬಲೆ ಹಾಕಿ ಎತ್ತಿದರು.

"ಅಷ್ಟು ಹೊತ್ತು ಉಸಿರು ಕಟ್ಟಿದ್ದೆಯಾ?" ಎಂದ ಮಂತ್ರಿ.

"ಇಲ್ಲ ಬುದ್ಧಿ. ನೀರೊಳಗೆ ನಮ್ಮ ಚರ್ಮವೇ ಉಸಿರಾಡುತ್ತೆ. ಹುಟ್ಟಿದ್ದೇ ಹಾಗೆ."

"ಕೇಳಿದಿರಾ! ಸೀಲ್ ಮಹಾಶಯರು ಉಸಿರು ಕಟ್ಟಿ ಒದ್ದಾಡಿದರು. ಇವಳು ಆರಾಮಾಗಿ ಕೂತಿದ್ದಳು. ಮೋಸ!"

ಜನ ಚಪ್ಪಾಳೆ ತಟ್ಟಿದರು. ಥೂ, ಅವರ ಬಾಯಿಗಿಷ್ಟು ಮಣ್ಣು ಹಾಕ! ಗೆದ್ದವಳನ್ನು ಸೋಲಿಸಿದಿರಲ್ಲ ಎಂದು ಕೇಳುವ ಒಂದು ನಾಲಿಗೆಯೂ ಅಲ್ಲಿ ಇರಲಿಲ್ಲ. ಆಳುಗಳು ಮೊಟ್ಟೆಗಳನ್ನು ಬಾಚಿ ದಂಡೆಯ ಮೇಲೆ ಸುರಿದರು. ತಾಯಿ ತನ್ನ ಒದ್ದೆ ಮೈಯನ್ನೇ ಅವುಗಳ ಮೇಲೆ ಚಾಚಿ ಮಲಗಿದಳು. ಅಂಗೈಯಷ್ಟು ಮೈ, ಎಷ್ಟಕ್ಕೆ ನೆರಳಾದೀತು? ಸಂಜೆಯೊಳಗೆ ಎಲ್ಲವೂ ಒಣಗಿದವು. ಬಡವನ ಕೋಪ ದವಡೆಗೆ ಮೂಲ ಅಂತಾರೆ. ಕಪ್ಪೆಗಳು ಜಗಳಕ್ಕೆ ನಿಲ್ಲದೆ ಊರು ಬಿಟ್ಟವು.

ಮರುವರ್ಷ ಮಳೆ ಕೈಕೊಟ್ಟಿತು. ಮಳೆ ಬಾರದಿದ್ದರೆ ಕಪ್ಪೆಗಳಿಗೆ ಮದುವೆ ಮಾಡಬೇಕು ಎನ್ನುವುದು ಆ ಸೀಮೆಯ ನಂಬಿಕೆ. ಮಂತ್ರಿ ಅರಿಶಿನ ಕುಂಕುಮ ಹಿಡಿದು, ಹುಡುಕಿಕೊಂಡು ಹೋಗಿ, ತಾಯಿಕಪ್ಪೆ ಇದ್ದ ಕಲ್ಲುಸಂದಿನ ಮುಂದೆ ನಿಂತ.

"ಬಾರಮ್ಮ ತಾಯಿ. ನಿನ್ನ ಮಗಳಿಗೆ ನಾವೇ ನಿಂತು ಧಾರೆ ಎರೆಸ್ತೀವಿ."

"ಯಾವ ಮಗಳಿಗೆ?" ಎಂದಳು ಅವಳು.

ಮಂತ್ರಿಗೆ ಸಿಟ್ಟು ನೆತ್ತಿಗೇರಿತು. ಊರಿಗೆ ಉಪಕಾರ ಮಾಡುವ ಗುಣವೇ ಈ ಜಾತಿಗಿಲ್ಲ ಎಂದು ಬೈಯುತ್ತಾ ಹಿಂತಿರುಗಿದ. ಅವತ್ತೇ ಒಣಕೆರೆಯ ನಡುವೆ ಚಪ್ಪರ ಹಾಕಿ, ಏದುಸಿರು ಬಿಡುತ್ತಿದ್ದ ಸೀಲ್‌ಗೆ ಬಾಸಿಂಗ ಕಟ್ಟಿ ಕೂರಿಸಿದರು. ಹೆಣ್ಣೆಲ್ಲಿ ಎಂದು ಯಾರೂ ಕೇಳಲಿಲ್ಲ. ಅಕ್ಷತೆ ಹಿಡಿದು ಊರಿಗೆ ಊರೇ ಆಕಾಶ ನೋಡುತ್ತಾ ನಿಂತಿತು.