ಹಲಗೆ ಮೇಲಿದ್ದ ಮೂರು ದಿನ

ನಮ್ಮ ದ್ವೀಪದಲ್ಲಿ ಒಂದು ನಿಯಮ ಇದೆ. ಸಮುದ್ರ ಇಳಿದಾಗ ತೆರೆದುಕೊಳ್ಳೋ ಹವಳದ ಬಯಲಿಗೆ ಇಳಿಯೋ ಮುಂಚೆ ದೋಣಿ ಷೆಡ್ಡಿನ ಬಾಗಿಲ ಪಕ್ಕದ ಹಲಗೆ ಮೇಲೆ ಹೆಸರು, ಹೋಗೋ ಹೊತ್ತು ಬರೀಬೇಕು. ವಾಪಸ್ ಬಂದಮೇಲೆ ಬಂದ ಹೊತ್ತು ಬರೀಬೇಕು. ಎಂಥಾ ದೊಡ್ಡ ಮನುಷ್ಯನೇ ಬರಲಿ, ಬರೀದಿದ್ರೆ ಮಧ್ಯಾಹ್ನ ಊಟ ಇಲ್ಲ. ಡೆನ್ಮಾರ್ಕಿನವನೊಬ್ಬ ಹೇಳದೆ ಕೇಳದೆ ಹೋಗಿ, ಇಳಿದಿದ್ದ ನೀರು ಹಿಂದಿನಿಂದ ಏರಿ ಬಂದು ಮುಳುಗಿದ ಮೇಲೆ ಶುರುವಾದ ಪದ್ಧತಿ. ಸಂಜೆ ನಾನು ಹಲಗೆ ಮೇಲಿದ್ದದ್ದನ್ನ ಪುಸ್ತಕಕ್ಕೆ ಇಳಿಸಿ ಒರೆಸ್ತೀನಿ. ಇಪ್ಪತ್ತೇಳು ವರ್ಷ ಆಯ್ತು, ಒಂದು ದಿನ ತಪ್ಪಿಸಿಲ್ಲ. ನನ್ನ ಹೆಸರು ನೊಲೀನ್. ಈ ಸಂಶೋಧನಾ ಕೇಂದ್ರದ ದೋಣಿ ಓಡಿಸೋದು, ತೊಟ್ಟಿ ತೊಳೆಯೋದು, ವಿಜ್ಞಾನಿಗಳಿಗೆ ಬೈಯೋದು ನನ್ನ ಕೆಲಸ.

ಹದಿಮೂರು ವರ್ಷದ ಹಿಂದೆ ಸಿಡ್ನಿಯ ಪ್ರೊಫೆಸರ್ ಹ್ಯೂ ಕಾರ್ಡೆಲ್ ಅವರದೊಂದು ಪ್ರಬಂಧ ಬಂತು. ನಮ್ಮ ಬಯಲಿನ ದೈತ್ಯ ಕಪ್ಪೆಚಿಪ್ಪುಗಳಲ್ಲಿ ನೀಲಿ ಅಂಚಿನವು ಸಮುದ್ರ ಕಾದ್ರೂ ಬದುಕ್ತವೆ, ಕಂದು ಅಂಚಿನವು ಸಾಯ್ತವೆ ಅಂತ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ನಲವತ್ತೆರಡು ದಿನ ಬಯಲಲ್ಲಿ ನಡೆದು ಎಂಟುನೂರು ಚಿಪ್ಪು ನೋಡಿದ್ರಂತೆ. ಟೀವಿಯವರೆಲ್ಲ ಬಂದ್ರು. ಪ್ರಬಂಧದ ಕೊನೇಲಿ, ನೊಲೀನ್ ಅವರ ನೆರವಿಗೆ ಕೃತಜ್ಞತೆಗಳು ಅಂತ ಒಂದು ಸಾಲಿತ್ತು. ನಾನು ಹತ್ತನೇ ಕ್ಲಾಸು ಮುಗಿಸಿದವಳಲ್ಲ. ಆ ಹಾಳೆಗೆ ಕಟ್ಟು ಹಾಕಿಸಿ ಊಟದ ಕೋಣೆ ಗೋಡೆಗೆ ನೇತುಹಾಕಿದೆ. ದೋಣಿಯಿಂದ ಇಳಿದವರಿಗೆಲ್ಲ ಟೀ ಕೊಡೋ ಮುಂಚೆ ಅದನ್ನ ತೋರಿಸ್ತಿದ್ದೆ.

ಅದಾಗಿ ಐದು ವರ್ಷಕ್ಕೆ ರೋವೆನಾ ಬಂದ್ಲು. ಕಾರ್ಡೆಲ್ ಅವರ ಕೈಕೆಳಗೇ ಡಾಕ್ಟರೇಟ್ ಮಾಡ್ತಿದ್ದ ಹುಡುಗಿ, ಟೌನ್ಸ್‌ವಿಲ್‌ನ ಬಡಗಿಯ ಮಗಳು, ಕಡ್ಡಿ ಥರ ಇದ್ಲು. ನೀಲಿ ಚಿಪ್ಪು ಯಾಕೆ ಬದುಕುತ್ತೆ ಅಂತ ಕಂಡುಹಿಡಿಯೋದು ಅವಳ ಕೆಲಸ. ಮೊದಲನೇ ಬೇಸಿಗೆ ಎಣಿಸಿದ್ಲು. ನೀಲಿಯವೂ ಸತ್ತಿದ್ವು, ಕಂದು ಅಂಚಿನವೂ ಸತ್ತಿದ್ವು, ಏನೂ ವ್ಯತ್ಯಾಸ ಇಲ್ಲ. ಎರಡನೇ ಬೇಸಿಗೇನೂ ಅದೇ. ಕಾರ್ಡೆಲ್ ಫೋನಿನಲ್ಲಿ ನಗ್ತಾ, ನಿನ್ನ ಕಣ್ಣು ಇನ್ನೂ ಪಳಗಿಲ್ಲ ಮಗು ಅಂದ್ರಂತೆ. ಮತ್ತೆ ಇಳಿದ್ಲು. ಮೊಣಕಾಲೆಲ್ಲ ಹವಳ ಕೊಯ್ದು ಗಾಯ, ಗಾಯಕ್ಕೆ ಉಪ್ಪುನೀರು, ಆದ್ರೂ ಬಿಡ್ಲಿಲ್ಲ. ನಾನೂ ಸುಮ್ಮನಿರಲಿಲ್ಲ. ಟೋಸ್ಟಿಗೆ ವೆಜಿಮೈಟ್ ಸವರಿ ಕೊಡ್ತಾ, ಅಷ್ಟು ದೊಡ್ಡವರಿಗೆ ಕಂಡದ್ದು ನಿನಗ್ಯಾಕೆ ಕಾಣಲ್ಲ, ಕಣ್ಣು ಬಿಟ್ಟು ನೋಡೇ ತಾಯಿ ಅಂತ ಹಂಗಿಸಿದೆ. ಅವಳು ನಕ್ಕು ಮತ್ತೆ ಬಯಲಿಗೆ ಹೊರಟ್ಲು. ಆ ಮಾತನ್ನ ಈಗ ನೆನೆಸ್ಕೊಂಡ್ರೆ ನಾಲಿಗೆ ಕಿತ್ತು ಬಿಸಾಕೋಣ ಅನ್ಸುತ್ತೆ.

ಮೂರನೇ ಬೇಸಿಗೆ ಮುಗಿಯೋ ಹೊತ್ತಿಗೆ ಅವಳು ಕಾರ್ಡೆಲ್ ಅವರ ಮೂಲ ಹಾಳೆಗಳನ್ನ ಕೇಳಿದ್ಲು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಚಿಪ್ಪು ನೋಡಿದ್ರು ಅನ್ನೋ ಹಾಳೆಗಳು. ಅವರು ಇವತ್ತು ನಾಳೆ ಅಂತ ಒಂದು ವರ್ಷ ಸತಾಯಿಸಿದ್ರು. ಕೊನೆಗೆ ಪ್ರಬಂಧ ಛಾಪಿಸಿದ ಪತ್ರಿಕೆಯವರೇ ಗದರಿಸಿ ಕೊಡಿಸಿದ್ರು. ನಾಲ್ಕನೇ ಬೇಸಿಗೇಲಿ ಒಂದು ಬೆಳಿಗ್ಗೆ ಅವಳು ಅದನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ಲು, ಟೀ ಆರಿಹೋಗಿತ್ತು.

"ನೋಲಿ, ಇಲ್ಲೊಂಚೂರು ಬಾ. ನೀನು ಬಯಲಿಗೆ ಯಾವಾಗ ಇಳೀತೀಯ?"

"ಇಳಿತ ಮುಗಿಯೋಕೆ ಎರಡು ಗಂಟೆ ಮುಂಚೆ. ನೀರು ತಿರುಗೋ ಹೊತ್ತಿಗೆ ನಾನು ದಡದ ಕಡೆ ಮುಖ ಮಾಡಿರ್ತೀನಿ. ಎಲ್ಲರೂ ಹಾಗೇ ಅಲ್ವೇನೇ."

"ಸೆಪ್ಟೆಂಬರಿನಲ್ಲಿ ಇವರು ಪ್ರತಿ ದಿನ ಸರಿಯಾಗಿ ಇಳಿತದ ನಿಮಿಷಕ್ಕೇ ಶುರು ಮಾಡಿದ್ದಾರೆ. ಉಬ್ಬರ ಇಳಿತದ ಪಟ್ಟಿಯಲ್ಲಿ ಹತ್ತೂ ಹದಿನಾಲ್ಕು ಅಂತಿದ್ರೆ ಹತ್ತೂ ಹದಿನಾಲ್ಕಕ್ಕೆ. ಆಮೇಲೆ ಮೂರು ಗಂಟೆ ಚಿಪ್ಪು ಎಣಿಸಿದ್ದಾರೆ."

ನನಗೆ ನಗು ಬಂತು. ಮೂರು ಗಂಟೆ ಕಳೆದ್ರೆ ಅಲ್ಲಿ ಎದೆಮಟ್ಟ ನೀರು. ಆ ಮನುಷ್ಯನೇನು ಮೀನಾ ಅಂದೆ. ರೋವೆನಾ ನಗಲಿಲ್ಲ. ಅವಳಿಗೆ ಇನ್ನೊಂದು ವಿಷಯ ಅರ್ಥ ಆಗ್ತಿರಲಿಲ್ಲ. ಸೆಪ್ಟೆಂಬರ್ ಪೂರ್ತಿ ಹೊತ್ತು ಇಳಿತಕ್ಕೆ ಸರಿಯಾಗಿ ಕೂರುತ್ತೆ, ಅಕ್ಟೋಬರಿನ ಮೊದಲ ಭಾನುವಾರದಿಂದ ಆಚೆಗೆ ಒಂದೊಂದು ಹಾಳೇಲೂ ಸರಿಯಾಗಿ ಒಂದು ಗಂಟೆ ತಡ.

ನಾನು ಗೋಡೆ ಗಡಿಯಾರ ನೋಡಿದೆ. ಅಕ್ಟೋಬರಿನ ಮೊದಲ ಭಾನುವಾರ ಸಿಡ್ನಿಯವರು ಬೇಸಿಗೆಯ ಬೆಳಕು ಉಳಿಸೋಕೆ ಅಂತ ಗಡಿಯಾರನ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ. ನಾವು ಕ್ವೀನ್ಸ್‌ಲ್ಯಾಂಡಿನವರು ತಿರುಗಿಸಲ್ಲ. ಅದಕ್ಕೇ ಅವರು ನಮ್ಮನ್ನ ಹಳ್ಳಿ ಗಮಾರರು ಅಂತ ಗೇಲಿ ಮಾಡ್ತಾರೆ, ನಾವು ಅವರನ್ನ ಸೂರ್ಯನಿಗೇ ಟೈಮ್ ಹೇಳೋ ಜನ ಅಂತ ಬೈತೀವಿ. ಇಲ್ಲಿ ಬಯಲಲ್ಲಿ ನಿಂತು ಬರೆದವನ ಹಾಳೇಲಿ ಆ ಒಂದು ಗಂಟೆ ಬರೋಕೆ ಸಾಧ್ಯವೇ ಇಲ್ಲ.

"ಇದನ್ನ ಸಿಡ್ನೀಲಿ ಕೂತು ಬರೆದಿದ್ದಾರೆ ಕಣೆ. ಅಲ್ಲಿನ ಕಂಪ್ಯೂಟರ್ ತಾನಾಗೇ ಒಂದು ಗಂಟೆ ಸೇರಿಸಿದೆ, ಇವರು ನೋಡ್ಕೊಂಡಿಲ್ಲ," ಅಂದೆ.

ಅವಳು ನನ್ನ ಪುಸ್ತಕ ಕೇಳಿದ್ಲು. ಆ ವರ್ಷದ್ದನ್ನ ಷೆಡ್ಡಿನಿಂದ ತಂದುಕೊಟ್ಟೆ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದ್ಲು. ಕಾರ್ಡೆಲ್ ಅವರ ಹೆಸರು ಮೂರು ದಿನ ಇತ್ತು. ನಾಲ್ಕನೇ ದಿನ ನನ್ನದೇ ಅಕ್ಷರದಲ್ಲಿ: ಕಾರ್ಡೆಲ್, ಕಿವಿಗೆ ಸೋಂಕು, ಗ್ಲಾಡ್‌ಸ್ಟನ್‌ಗೆ ದೋಣಿ, ವಾಪಸ್ ಇಲ್ಲ. ಆ ದೋಣಿ ಓಡಿಸಿದ್ದು ನಾನೇ. ದಾರಿಯುದ್ದ ಅವರು ಕಿವಿ ಹಿಡ್ಕೊಂಡು ನರಳ್ತಿದ್ರು. ರೋವೆನಾ ಆ ಸಾಲನ್ನ ಎರಡು ಸಲ ಓದಿದ್ಲು. ಗೋಡೆ ಮೇಲಿನ ಕಟ್ಟು ನೋಡಿದ್ಲು, ನನ್ನ ನೋಡಿದ್ಲು, ಪುಸ್ತಕ ಮುಚ್ಚಿದ್ಲು.

ಅವಳು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಲು. ಇಸ್ತ್ರಿ ಮಾಡಿದ ಷರ್ಟು ಹಾಕ್ಕೊಂಡ ಇಬ್ಬರು ಬಂದು ಪುಸ್ತಕದ ಫೋಟೋ ತಗೊಂಡ್ರು, ನಾನು ಮಾಡಿದ ಲ್ಯಾಮಿಂಗ್ಟನ್ ಕೇಕು ತಿಂದ್ರು, ಹೋದ್ರು. ವಿಚಾರಣೆ ನಾಲ್ಕು ವರ್ಷ ಎಳೀತು. ಅದು ಮುಗಿಯೋವರೆಗೂ ಅವಳ ಡಾಕ್ಟರೇಟ್ ನೋಡೋಕಾಗಲ್ಲ ಅಂದ್ರು. ಅವಳ ಅವಧಿ ಮುಗೀತು. ಬೇರೆ ಕಡೆ ಅರ್ಜಿ ಹಾಕಿದ್ರೆ, ಗುರುವಿನ ಮೇಲೇ ಕೈ ಎತ್ತಿದವಳು ಅಂತ ಯಾರೂ ಹತ್ತಿರ ಸೇರಿಸಲಿಲ್ಲ. ಎರಡನೇ ವರ್ಷಕ್ಕೆ ಅವಳು ಬಿಟ್ಟುಬಿಟ್ಲು. ಈಗ ರಾಕ್‌ಹ್ಯಾಂಪ್ಟನ್ನಿನಲ್ಲಿ ಶಾಲೆ ಬಸ್ ಓಡಿಸ್ತಾಳೆ.

ಹೋದ ತಿಂಗಳು ತೀರ್ಪು ಬಂತು. ದಾಖಲೆಗಳ ನಿರ್ವಹಣೆಯಲ್ಲಿ ಲೋಪ ಆಗಿದೆ ಅಂತ. ಲೋಪವಂತೆ! ಪತ್ರಿಕೆಯವರು ನಾಲ್ಕು ಸಾಲಿನಲ್ಲಿ ಪ್ರಬಂಧ ಹಿಂದಕ್ಕೆ ತಗೊಂಡ್ರು. ಆ ನಾಲ್ಕು ಸಾಲಿನಲ್ಲಿ ರೋವೆನಾ ಹೆಸರಿಲ್ಲ. ಕಾರ್ಡೆಲ್ ಅದಕ್ಕೆ ಮುಂಚೆಯೇ ಹೂಗುಚ್ಛ, ಭಾಷಣ ಎಲ್ಲ ಆಗಿ ನಿವೃತ್ತರಾಗಿದ್ರು. ಯಾವನೋ ಒಬ್ಬ ದಿನಪತ್ರಿಕೇಲಿ ಬರೆದಿದ್ದ, ನೋಡಿ, ವಿಜ್ಞಾನ ತನ್ನ ತಪ್ಪನ್ನ ತಾನೇ ತಿದ್ದಿಕೊಳ್ಳುತ್ತೆ, ಇದೇ ಅದರ ದೊಡ್ಡತನ ಅಂತ. ಓದಿ ಹೊಟ್ಟೆ ಉರೀತು. ಹೆಂಗೆ ತಿದ್ದಿಕೊಳ್ಳುತ್ತಪ್ಪಾ, ಅದಕ್ಕೇನು ಕೈ ಇದೆಯಾ? ನಾಲ್ಕು ಬೇಸಿಗೆ ಬಯಲಲ್ಲಿ ಮೊಣಕಾಲು ಕೊಯ್ಸ್ಕೊಂಡವಳು ಒಬ್ಬಳಿದ್ಲು. ಅವಳು ತಿದ್ದಿದ್ಲು. ಅವಳನ್ನೇ ಆಚೆ ಹಾಕಿದ್ರು.

ಸುದ್ದಿ ಹೇಳೋಕೆ ಅವಳಿಗೆ ಫೋನ್ ಮಾಡಿದೆ. ಬಸ್ ನಿಲ್ಲಿಸಿಕೊಂಡು ಶಾಲೆ ಬಿಡೋದನ್ನ ಕಾಯ್ತಿದ್ಲು. ಎಲ್ಲ ಕೇಳಿಸ್ಕೊಂಡ್ಲು. ನಾನು ಕಾರ್ಡೆಲ್‌ಗೆ ಬಾಯಿಗೆ ಬಂದಂಗೆ ಬೈದೆ.

"ನೋಲಿ, ಅವರು ಮೂರೇ ದಿನಕ್ಕೆ ಹೋದದ್ದು ನಿನಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ನಲವತ್ತೆರಡು ದಿನ ಅಂತ ಪ್ರಬಂಧದಲ್ಲಿ ಇತ್ತಲ್ವಾ, ಗೋಡೆ ಮೇಲೆ?"

ನಾನು ಗೋಡೆ ಕಡೆ ತಿರುಗಿದೆ.

"ನಾಲ್ಕು ವರ್ಷ ನನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡಿದ್ದೆ," ಅಂದ್ಲು. ದನಿ ಎತ್ತಲಿಲ್ಲ. "ಮೊದಲನೇ ಬೇಸಿಗೇಲಿ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು. ಮಕ್ಕಳು ಬಂದ್ವು, ಇಡ್ತೀನಿ."

ಆಮೇಲೆ ಗೋಡೆಯಿಂದ ಆ ಕಟ್ಟು ಇಳಿಸಿ ಮೇಜಿನ ಮೇಲೆ ಮಗುಚಿ ಹಾಕಿದೆ. ನಾನು ಓದಿರಲಿಲ್ಲ, ನನಗೆಲ್ಲಿ ಅದೆಲ್ಲ ಅರ್ಥ ಆಗಬೇಕು ಅಂತ ಯಾರಾದ್ರೂ ಕೇಳಿದ್ರೆ ಹೇಳಬಹುದು. ಇಸ್ತ್ರಿ ಷರ್ಟಿನವರಿಗೆ ಹಾಗೇ ಹೇಳಿದ್ದೆ. ಅದು ಸುಳ್ಳು. ನಲವತ್ತೆರಡು ದಿನ ಅನ್ನೋ ಸಾಲನ್ನ ನಾನು ಮೊದಲನೇ ದಿನಾನೇ ಓದಿದ್ದೆ, ಎಲ್ಲೋ ತಪ್ಪಾಗಿದೆಯಲ್ಲ ಅಂತ ಅನಿಸಿತ್ತು ಕೂಡ. ಅದರ ಕೆಳಗೆ ನನ್ನ ಹೆಸರಿತ್ತು, ಅದಕ್ಕೆ ಸುಮ್ಮನಿದ್ದೆ.