ಪಾಸಾಗದ ಪುಸ್ತಕ

"ಅದರ ಮೇಲೆ ಬೇಡ ಭಾವ, ಮುರಿದೀತು!" ಎಂದು ನಾದಿನಿ ಕೂಗುವಷ್ಟರಲ್ಲಿ ಬೇಕರಿಯಜ್ಜ ಆ ಹಳದಿ ಕುರ್ಚಿಯ ಮೇಲೆ ಕುಸಿದು ಕೂತಾಗಿತ್ತು. ಕುರ್ಚಿ ಕಿರ್ರೆಂದಿತೇ ಹೊರತು ಮುರಿಯಲಿಲ್ಲ. ಪುಟ್ಟ ಮಕ್ಕಳ ಅಳತೆಗೆ ಮಾಡಿಸಿದ ಕುರ್ಚಿ ಅದು. ಅಜ್ಜನ ಮಂಡಿ ಗದ್ದದ ಹತ್ತಿರ ಬಂದಿತ್ತು.

ಅಜ್ಜನ ಹೆಂಡತಿಯನ್ನು ಮಣ್ಣು ಮಾಡಿ ಬಂದವರೆಲ್ಲ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಸೇರಿದ್ದರು. ಬೇಕರಿಯ ಮೇಲಿನ ಇಕ್ಕಟ್ಟಾದ ಮನೆಯಲ್ಲಿ ಅಷ್ಟು ಜನ ಹಿಡಿಸುತ್ತಿರಲಿಲ್ಲ. ಜೀವಮಾನವೆಲ್ಲ ಆಕೆ ಮಕ್ಕಳಿಗೆ ಪುಸ್ತಕ ಆರಿಸಿಕೊಟ್ಟ ಕೋಣೆ ಇದು, ಟೀ ಇಲ್ಲೇ ಕೊಡೋಣ ಎಂದು ಈಗಿನ ಗ್ರಂಥಪಾಲಕಿ ತಾನಾಗಿಯೇ ಬಾಗಿಲು ತೆರೆದಿದ್ದಳು. ಹಾಗಾಗಿ ದೊಡ್ಡ ದೊಡ್ಡ ಮನುಷ್ಯರೆಲ್ಲ ಪುಟಾಣಿ ಕುರ್ಚಿಗಳ ಮೇಲೆ ಮುದುರಿ ಕೂತು, ಲೋಟ ಎಲ್ಲಿಡುವುದೆಂದು ತಿಳಿಯದೆ ಒದ್ದಾಡುತ್ತಿದ್ದರು. ಹೋದವಳು ಇದನ್ನು ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಊರಿಗೆಲ್ಲ ಆಕೆ ಪುಸ್ತಕದಕ್ಕ, ಈತ ಬೇಕರಿಯಜ್ಜ. ವಯಸ್ಸಿನಲ್ಲಿ ಅಂಥ ಅಂತರವೇನೂ ಇರಲಿಲ್ಲ. ಹರೆಯದಲ್ಲೇ ತಲೆ ತುಂಬ ಮೈದಾಹಿಟ್ಟು ಮೆತ್ತಿಕೊಂಡು ಓಡಾಡುತ್ತಿದ್ದವನನ್ನು ಮಕ್ಕಳು ಅಜ್ಜ ಅಂದರು. ಅದೇ ನಿಂತುಹೋಯಿತು.

ಬೆಳಗಿನಿಂದ ಅಜ್ಜನಿಗೆ ಒಳಗೊಳಗೇ ಒಂದು ಸಂಕಟ. ಬಂದವರೆಲ್ಲ ಪುಸ್ತಕದ ಮಾತೇ ಆಡುತ್ತಿದ್ದರು. ಅಕ್ಕ ನನಗೆ ಇದನ್ನು ಕೊಟ್ಟರು, ನನಗೆ ಅದನ್ನು ಕೊಟ್ಟರು. ಅಂಗಡಿಯ ಬೋರ್ಡು ಓದುವಷ್ಟು ಅಕ್ಷರ ಬಿಟ್ಟರೆ ಬೇರೆ ಕಲಿಯದ ಅಜ್ಜನಿಗೆ, ಸ್ವಂತ ಹೆಂಡತಿಯ ಸಾವಿಗೆ ತಾನು ಯಾರೋ ದೂರದವನ ಹಾಗೆ ಬಂದು ಕೂತಿದ್ದೇನೆ ಅನ್ನಿಸತೊಡಗಿತ್ತು. ಸಂಸಾರ ಮಾಡಿದ್ದು ನಾನು, ಆದರೆ ಆಕೆಯ ಬದುಕಿನ ಅರ್ಧ ಇವರ ಹತ್ತಿರವಿದೆ ಎಂದು ಹೊಟ್ಟೆಕಿಚ್ಚೂ ಆಯಿತು.

"ಆ ಡ್ರ್ಯಾಗನ್ ಸರಣಿ ಬಂದಾಗ ನಮಗೆಲ್ಲ ಹುಚ್ಚು ಹಿಡಿದಿತ್ತಲ್ಲ," ಎಂದು ಹಲ್ಲಿನ ಡಾಕ್ಟರು ಶುರುಮಾಡಿದರು. "ಕೊನೇ ಭಾಗ ಮುಗಿಸಿ, ಇಂಥದ್ದೇ ಇನ್ನೊಂದು ಕೊಡಿ ಅಂತ ಅಕ್ಕನ ತಲೆ ತಿಂದಿದ್ದೆ. 'ಡ್ರ್ಯಾಗನ್ ಇದ್ದ ಮಾತ್ರಕ್ಕೆ ಇಂಥದ್ದೇ ಆಗ್ಬಿಡುತ್ತೇನೋ? ಯಾವ ಪುಟ ಓದುವಾಗ ಊಟಕ್ಕೆ ಕರೆದ್ರೂ ಏಳ್ಲಿಲ್ಲ, ಅದು ಹೇಳು' ಅಂದ್ರು. ಇಬ್ರು ಗೆಳೆಯರು ಮಾತು ಬಿಡ್ತಾರಲ್ಲ, ಆ ಪುಟ ಅಂದೆ. ಡ್ರ್ಯಾಗನ್ನಿನ ಬಾಲವೂ ಇಲ್ಲದ ಪುಸ್ತಕ ಕೈಗಿಟ್ರು! ಬೈಕೊಂಡೇ ಮನೆಗೆ ಹೋದೆ. ಆಮೇಲೆ ಹೊಟ್ಟೆನೋವು ಅಂತ ಸ್ಕೂಲಿಗೆ ಚಕ್ಕರ್ ಹೊಡೆದು ಅದನ್ನೇ ಓದಿದೆ."

"ಕೊಡುವಾಗ 'ನಮ್ಮನೇಲಿ ಪಾಸಾಗಿದೆ' ಅಂದಿದ್ರಾ?" ಗ್ರಂಥಪಾಲಕಿ ಕೇಳಿದಳು. ಆಕೆಯೂ ಇದೇ ಕುರ್ಚಿಗಳ ಮೇಲೆ ಕೂತು ಓದಿ ಬೆಳೆದವಳು.

"ಯಾವಾಗ್ಲೂ ಅದನ್ನೇ ಹೇಳೋರು. ಹಂಗಂದ್ರೆ ಏನು?"

ಆಕೆ ಅಜ್ಜನ ಕಡೆ ತಿರುಗಿದಳು. "ನೀವೇ ಹೇಳಿ ಅಜ್ಜ."

"ನಾನೇನಮ್ಮ ಹೇಳ್ಲಿ? ಪುಸ್ತಕದ ವಿಷ್ಯ ನಂಗೇನು ಗೊತ್ತು?"

"ಅಯ್ಯೋ, ನಿಮಗೇ ಹೇಳಿಲ್ವಾ ಅಕ್ಕ?" ಗ್ರಂಥಪಾಲಕಿ ಬೆರಗಾದಳು. "ಹೊಸ ಪುಸ್ತಕ ಬಂದ್ರೆ ಮೊದ್ಲು ನಿಮಗೆ ಓದಿ ಹೇಳ್ತಿದ್ರಲ್ಲ. ನೀವು ಎಚ್ಚರ ಇದ್ರೆ ಅದು ಪಾಸು, ಗೊರಕೆ ಹೊಡೆದ್ರೆ ಫೇಲು. 'ಕೋಳಿ ಕೂಗೋಕೆ ಮುಂಚೆ ಎದ್ದು ಹಿಟ್ಟು ನಾದೋ ಮನುಷ್ಯ, ಸಂಜೆಯಾದ್ರೆ ಕೂತಲ್ಲೇ ತೂಕಡಿಸ್ತಾರೆ. ಅವರ ನಿದ್ದೆ ಓಡಿಸೋ ಕತೆ ಯಾವ ಮಗೂನ ಬಿಡುತ್ತೆ ಹೇಳು' ಅಂತಿದ್ರು. ಫೇಲಾದ್ದನ್ನ ಒಂದು ಮಗೂಗೂ ಕೊಟ್ಟೋರಲ್ಲ."

ಕೋಣೆಯೆಲ್ಲ ನಗು. "ನಮ್ಮ ಭಾವ ನಿದ್ದೆ ಮಾಡ್ಕೊಂಡೇ ಊರ ಮಕ್ಕಳಿಗೆಲ್ಲ ಮೇಷ್ಟ್ರಾಗಿದ್ರು ಅನ್ನಿ!" ಎಂದು ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅಜ್ಜನೂ ನಕ್ಕ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಹಾಗಾದರೆ ತಾನೂ ಆ ಅರ್ಧದೊಳಗೆ ಇದ್ದೆ! ಆದರೆ ನಗು ತುಟಿಯ ಮೇಲಿರುವಾಗಲೇ ಅವನಿಗೆ ಒಂದು ಪುಸ್ತಕ ನೆನಪಾಯಿತು, ಮುಖ ಬಾಡಿತು.

*

ಸಮುದ್ರದಲ್ಲಿ ಈಜಾಡುವ ದ್ವೀಪಗಳ ಕತೆ ಅದು. ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕೂತು ಓದುತ್ತಿದ್ದಳು, ಅಜ್ಜ ಕಾಲು ಚಾಚಿ ಮಲಗಿದ್ದ. ತಾಯಿದ್ವೀಪದ ಬೆನ್ನ ಮೇಲೆ ಮನೆ, ಮೇಕೆ, ಜನ ಎಲ್ಲ. ಪಕ್ಕದಲ್ಲಿ ಒಂದೇ ಒಂದು ಮರ ಹೊತ್ತುಕೊಂಡು ಈಜುವ ಮರಿದ್ವೀಪ. ಹಿಂದಿನಿಂದ ಮಂಜುಗಡ್ಡೆ ಅಟ್ಟಿಸಿಕೊಂಡು ಬರುವಾಗ ಮರಿ ಮರಳಿನಲ್ಲಿ ಸಿಕ್ಕಿಬಿತ್ತು. ತಾಯಿ ನಿಂತರೆ ಬೆನ್ನ ಮೇಲಿನವರೆಲ್ಲ ಸಾಯುತ್ತಾರೆ. 'ಇಲ್ಲೇ ಇರು, ಬರ್ತೀನಿ' ಎಂದು ಹೇಳಿ ತಾಯಿ ಹೊರಟಿತು.

ಅಜ್ಜನ ತಾಯಿಯೂ ಅದನ್ನೇ ಹೇಳಿದ್ದಳು. ಬೇಕರಿಯ ಒಲೆಯ ಪಕ್ಕ ಅವನನ್ನು ಕೂರಿಸಿ, ಮಾಲೀಕ ಕೊಟ್ಟ ಬಿಸಿ ಬನ್ನನ್ನು ಕೈಯಲ್ಲಿಟ್ಟು, ಬರ್ತೀನಿ ಅಂದು ಹೋದವಳು ಬರಲೇ ಇಲ್ಲ. ಮದುವೆಯಾದಾಗ ಹೆಂಡತಿಗೆ, ತಾಯಿ ಸತ್ತುಹೋದಳು ಅಂದಿದ್ದ. ಬಿಟ್ಟುಹೋದಳು ಎನ್ನಲು ಬಾಯಿ ಬಂದಿರಲಿಲ್ಲ.

ಅಜ್ಜ ಗೋಡೆಯ ಕಡೆ ಹೊರಳಿದ. ಬಿಕ್ಕುವ ಸದ್ದು ಕೇಳಿಸದಿರಲೆಂದು ಗೊರಕೆ ಹೊಡೆದ.

"ನಿದ್ದೆ ಬಂತಾ?" ಎಂದಳು ಆಕೆ. ಸ್ವಲ್ಪ ಹೊತ್ತು ಕಾದು ಪುಸ್ತಕ ಮುಚ್ಚಿದಳು. ಮರುದಿನ ಅದು ಗ್ರಂಥಾಲಯಕ್ಕೆ ವಾಪಸಾಯಿತು. ಆಮೇಲೇನಾಯಿತು ಎಂದು ಕೇಳೋಣವೆಂದರೆ ಕಳ್ಳನಿದ್ದೆ ಹೊರಬೀಳುತ್ತದೆ. ಅಜ್ಜ ಬಾಯಿ ಬಿಡಲಿಲ್ಲ.

*

"ಪುಸ್ತಕದಕ್ಕ ನಂಗೂ ಒಂದು ಆರಿಸಿಕೊಡ್ತೀನಿ ಅಂದಿದ್ರು," ಎಂದಿತು ಒಂದು ಸಣ್ಣ ದನಿ. ಹಲ್ಲಿನ ಡಾಕ್ಟರ ಮಗಳು. ಅಪ್ಪ ಓದಿದ್ದ ಅದೇ ಡ್ರ್ಯಾಗನ್ ಸರಣಿಯ ಕೊನೆಯ ಭಾಗವನ್ನು ಎದೆಗವಚಿಕೊಂಡು ನಿಂತಿದ್ದಳು. "ಇನ್ನು ಯಾರು ಕೊಡ್ತಾರೆ?"

"ಇವತ್ತು ಬೇಡ ಪುಟ್ಟಿ," ಎಂದು ಡಾಕ್ಟರು ಗದರಿದರು.

"ಇರ್ಲಿ ಬಿಡಿ," ಎಂದು ಗ್ರಂಥಪಾಲಕಿ ಅವಳನ್ನು ಹತ್ತಿರ ಕರೆದಳು. "ಯಾವ ಪುಟ ಓದುವಾಗ ಊಟಕ್ಕೆ ಕರೆದ್ರೂ ಏಳ್ಲಿಲ್ಲ?"

"ಅಮ್ಮ ಡ್ರ್ಯಾಗನ್‌ಗೆ ತನ್ನ ಮರಿ ಗುರ್ತೇ ಸಿಗಲ್ವಲ್ಲ, ಅದು."

ಗ್ರಂಥಪಾಲಕಿ ಕಪಾಟಿನ ಮುಂದೆ ನಿಂತು ಹುಡುಕಿದಳು. ಒಂದನ್ನು ತೆಗೆದಳು, ತಲೆಯಲ್ಲಾಡಿಸಿ ಒಳಗಿಟ್ಟಳು. ಇನ್ನೊಂದಕ್ಕೂ ಅದೇ ಗತಿ. "ಅಕ್ಕ ಇದ್ದಿದ್ರೆ ಥಟ್ಟಂತ ಕೊಡೋರು. ನಂಗೆ ಹೊಳೀತಾ ಇಲ್ಲ," ಎಂದಳು ಸಣ್ಣ ಮುಖ ಮಾಡಿಕೊಂಡು.

ಅಜ್ಜನಿಗೆ ಆ ದ್ವೀಪದ ಪುಸ್ತಕ ಹೊಳೆದಿತ್ತು. ಹೇಳಿದರೆ ಎಲ್ಲವನ್ನೂ ಹೇಳಬೇಕು, ಇಷ್ಟು ಜನರ ಮುಂದೆ, ಈ ವಯಸ್ಸಿನಲ್ಲಿ. ಹೇಳದಿದ್ದರೆ ತನ್ನ ಸುಳ್ಳು ಗೊರಕೆಗೆ ಆ ಪುಸ್ತಕ ಇನ್ನೂ ಎಷ್ಟು ಮಕ್ಕಳಿಗೆ ತಪ್ಪುತ್ತದೋ. ಹೆಂಡತಿ ತನ್ನನ್ನು ಕಣ್ಣುಮುಚ್ಚಿ ನಂಬಿದ್ದಳಲ್ಲ ಎಂದು ನಾಚಿಕೆಯೂ ಆಯಿತು.

"ಈಜಾಡೋ ದ್ವೀಪದ್ದು ಒಂದಿದೆ," ಎಂದ. "ಹೆಸರು ಗೊತ್ತಿಲ್ಲ."

"ಅದಾ? ಅದು ಫೇಲಾಗಿತ್ತಲ್ಲ ಅಜ್ಜ. ನೀವು ಅರ್ಧಕ್ಕೇ ಮಲಗಿಬಿಟ್ರಂತೆ."

"ಮಲಗಿರ್ಲಿಲ್ಲಮ್ಮ, ತಾಯಿದ್ವೀಪ ಮರೀನ ಬಿಟ್ಟು ಹೋಗೋದು ಕೇಳಿ ಅಳ್ತಿದ್ದೆ. ಅವಳಿಗೆ ಕಾಣಬಾರ್ದು ಅಂತ ಗೊರಕೆ ಹೊಡೆದೆ." ಅಜ್ಜ ನೆಲ ನೋಡುತ್ತ ಹೇಳಿದ. "ನಮ್ಮಮ್ಮ ಸತ್ತಿರ್ಲಿಲ್ಲ. ನನ್ನನ್ನ ಬೇಕರೀಲಿ ಬಿಟ್ಟು ಹೋಗಿದ್ಲು. ಬರ್ತೀನಿ ಅಂದಿದ್ಲು."

"ಭಾವ, ಅಕ್ಕನಿಗೂ ಹೇಳಿರ್ಲಿಲ್ವಾ?" ಎಂದಳು ನಾದಿನಿ ಮೆಲ್ಲಗೆ.

"ಹೇಳ್ಬೇಕಿತ್ತು," ಎಂದ ಅಜ್ಜ.

ಗ್ರಂಥಪಾಲಕಿ ಕೆಳಗಿನ ಸಾಲಿನಿಂದ ಪುಸ್ತಕ ಎಳೆದು ತಂದಳು. ಯಾರ ಕೈಯೂ ತಾಗದೆ ಹೊಸದರ ಹಾಗೇ ಇತ್ತು. ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಕೊನೇಲಿ ಅಮ್ಮ ವಾಪಸ್ ಬರುತ್ತಾ?"

"ನಂಗೂ ಗೊತ್ತಿಲ್ಲ ಕಣಮ್ಮ. ಅವಳು ಅಲ್ಲಿಗೇ ನಿಲ್ಲಿಸ್ಬಿಟ್ಲು. ಮರಿ ಮರಳಲ್ಲಿ ಸಿಕ್ಕಿಬೀಳುತ್ತಲ್ಲ, ಅಲ್ಲಿಂದ ಸ್ವಲ್ಪ ಓದ್ತೀಯಾ?"

"ಮಧ್ಯದಿಂದ ಯಾರಾದ್ರೂ ಓದ್ತಾರಾ ಅಜ್ಜ?" ಎಂದು ಹುಡುಗಿ ಅವನನ್ನೇ ತಿದ್ದಿ, ಕುರ್ಚಿ ಎಳೆದುಕೊಂಡು ಮೊದಲ ಪುಟದಿಂದ ಗಟ್ಟಿಯಾಗಿ ಓದಲು ಕೂತಳು.

ಜನ ಒಬ್ಬೊಬ್ಬರಾಗಿ ಅಜ್ಜನ ಭುಜ ಮುಟ್ಟಿ ಹೊರಟರು. ಡಾಕ್ಟರು ಮಗಳಿಗಾಗಿ ಬಾಗಿಲಲ್ಲೇ ಕಾದರು. ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ, ಮನೆಗೆ ನಡೀರಿ ಭಾವ ಎಂದು ಎರಡು ಸಲ ಕರೆದ ನಾದಿನಿ ಕೊನೆಗೆ ತಾನೂ ಒಂದು ಕುರ್ಚಿಯಲ್ಲಿ ಕೂತುಬಿಟ್ಟಳು. ಕಿಟಕಿಯ ಬಿಸಿಲು ಕಪಾಟಿನ ಬುಡಕ್ಕೆ ಇಳಿದಾಗ ಮರಿದ್ವೀಪ ಮರಳಿನಲ್ಲಿ ಸಿಕ್ಕಿಬಿತ್ತು. 'ಇಲ್ಲೇ ಇರು, ಬರ್ತೀನಿ' ಎಂದು ಓದಿದ ಹುಡುಗಿ ತಲೆಯೆತ್ತಿದಳು. ಅಜ್ಜನ ಗಲ್ಲ ಪೂರ್ತಿ ಒದ್ದೆಯಾಗಿತ್ತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ಅವಳು ಪುಸ್ತಕ ಮುಚ್ಚಲು ಹೋದಳು.

"ನಿಲ್ಲಿಸ್ಬೇಡಮ್ಮ," ಎಂದ ಅಜ್ಜ. "ಎಚ್ಚರವಾಗಿದೀನಿ."

ಹುಡುಗಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಪುಟ ಮಗುಚಿದಳು.