ಅತ್ತೆಮನೆಯವರ ನಿದ್ದೆ

ಹಳೆಯ ಸೋಫಾ, ಕುರ್ಚಿಗಳ ಹೊಟ್ಟೆ ಬಿಚ್ಚಿ, ಹೊಸದಾಗಿ ತುಂಬಿ ಹೊಲಿದುಕೊಡುವ ಆ ಅಂಗಡಿಯಲ್ಲಿ ಇದ್ದವರು ಇಬ್ಬರೇ, ಅಕ್ಕ ಮತ್ತು ತಮ್ಮ. ತಮ್ಮನಿಗೆ ಬೀದಿಯವರೆಲ್ಲ ಸೇರಿ ಸ್ಪ್ರಿಂಗು ಎಂದು ಹೆಸರಿಟ್ಟಿದ್ದರು. ಸೋಫಾದ ಸ್ಪ್ರಿಂಗು ಕಟ್ಟುವುದರಲ್ಲಿ ಅವನದು ಪಳಗಿದ ಕೈ ಎಂಬುದು ಒಂದು ಕಾರಣ. ಕೂತಲ್ಲಿ ಕೂರದ ಪ್ರಾಣಿ ಎಂಬುದು ಇನ್ನೊಂದು. ಅಕ್ಕನೋ, ಹೊಲಿಗೆ ಯಂತ್ರದ ಮುಂದೆ ಕೂತರೆ ಏಳುವವಳೇ ಅಲ್ಲ. ಹೊರಗವಸು ಹೊಲಿಯುವುದು, ಗಿರಾಕಿಗಳ ಜೊತೆ ಚೌಕಾಸಿಗೆ ಇಳಿಯುವುದು, ತಮ್ಮನನ್ನು ಬಯ್ಯುವುದು, ಎಲ್ಲವೂ ಕೂತಲ್ಲಿಂದಲೇ ನಡೆಯುತ್ತಿತ್ತು. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡುವ ಗಡಿಬಿಡಿಯಲ್ಲಿ ಅವಳ ಮದುವೆಯ ವಯಸ್ಸು ಯಾವಾಗ ಬಂತು, ಯಾವಾಗ ಹೋಯಿತು ಎಂದು ಯಾರೂ ನೋಡಲಿಲ್ಲ. ಅವಳೂ ನೋಡಲಿಲ್ಲ.

ಅವನ ಎರಡೂ ಕಿಡ್ನಿ ಕೈಕೊಟ್ಟಾಗ ಅವಳು ತನ್ನದೊಂದನ್ನು ಕೊಟ್ಟಳು. ಯೋಚಿಸಿ ಹೇಳಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ, "ಯೋಚನೆ ಮಾಡೋಕೆ ಇದೇನು ಪರದೆ ಬಟ್ಟೆಯ ಬಣ್ಣವಾ?" ಎಂದು ಕೇಳಿ, ಆ ಬಿಗುಮುಖದ ಹೆಂಗಸನ್ನೂ ನಗಿಸಿದ್ದಳು. ಆಪರೇಷನ್ ಆಗಿ ಎಚ್ಚರವಾದ ಮೇಲೆ ಅಕ್ಕ ಕೇಳಿದ ಮೊದಲ ಮಾತೇ ಒಂದು ತಮಾಷೆಯಾಗಿ ಅವರಿಬ್ಬರ ನಡುವೆ ಉಳಿದುಬಿಟ್ಟಿತು.

"ನನ್ನ ಹುಡುಗಿ ಹೊಸ ಮನೇಲಿ ಹೇಗಿದ್ದಾಳೋ?"

"ಬಂದ ದಿನವೇ ಕೆಲಸಕ್ಕೆ ಇಳಿದಿದ್ದಾಳೆ ಅಕ್ಕಾ. ನಿನ್ನ ಹಾಗಲ್ಲ, ಬಾಯಿ ಕಡಿಮೆ."

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಇನ್ನು ಚೆನ್ನಾಗಿ ನೋಡಿಕೊಳ್ಳೋದು ನಿನ್ನ ಪಾಲಿನ ಕೆಲಸ," ಎಂದಿದ್ದಳು ಅವಳು, ಹೊಲಿಗೆ ಹಾಕಿದ ಪಕ್ಕೆಯನ್ನು ಒತ್ತಿ ಹಿಡಿದು ನಗುತ್ತ.

ಮಾತ್ರೆಗಳ ವಿಷಯವನ್ನೂ ಅವರು ಇದೇ ಸಂಬಂಧದಲ್ಲಿ ಅರ್ಥಮಾಡಿಕೊಂಡರು. ಮೈಯೊಳಗೆ ಕಾವಲು ಕಾಯುವ ಕಣಗಳಿವೆ, ಅವಕ್ಕೆ ಪರರು ಯಾರು ಬಂದರೂ ಆಗದು, ಅಕ್ಕನ ಕಿಡ್ನಿಯೂ ಅವುಗಳ ಕಣ್ಣಿಗೆ ಪರರದ್ದೇ ಎಂದು ಡಾಕ್ಟರಮ್ಮ ವಿವರಿಸಿದಾಗ, "ಹಾಗಾದ್ರೆ ಅವರು ಅತ್ತೆಮನೆಯವರು ಅನ್ನಿ," ಎಂದ ಸ್ಪ್ರಿಂಗು. ಸೊಸೆ ಒಳಗೆ ಬಂದಿದ್ದಾಳೆ. ಅತ್ತೆ, ಮಾವ, ಮೈದುನರು ಎದ್ದರೆ ಅವಳನ್ನು ಬದುಕಗೊಡುವುದಿಲ್ಲ. ಅವರನ್ನು ಮಲಗಿಸಿಡುವುದಕ್ಕೇ ಬೆಳಗ್ಗೆ ಸಂಜೆ ಮಾತ್ರೆ. ಮನೆಯವರೆಲ್ಲ ಹಾಯಾಗಿ ಗೊರಕೆ ಹೊಡೆಯುತ್ತಿರಲಿ, ನಮ್ಮ ಹುಡುಗಿ ನೆಮ್ಮದಿಯಿಂದ ಕೆಲಸ ಮಾಡಿಕೊಂಡಿರಲಿ. ಕೇಳಲಿಕ್ಕೆ ಎಷ್ಟು ಚೆಂದ! ಮನೆಮಂದಿಯೆಲ್ಲ ಮಲಗಿದಾಗ ಕಳ್ಳ ಬಂದರೆ ಏನು ಗತಿ ಎಂದು ಡಾಕ್ಟರಮ್ಮ ಎಚ್ಚರಿಸಿಯೇ ಇದ್ದರು. ಧೂಳಿನ ಹತ್ತಿರ ಹೋಗಬೇಡ, ಹಳೆಯ ಸೋಫಾ ಬಿಚ್ಚಬೇಡ, ಬಟ್ಟೆ ಕತ್ತರಿಸಿಕೊಂಡು ಕೂತಿರು ಎಂದು ನೂರು ಸಲ ಹೇಳಿದ್ದರು.

ಹುಟ್ಟುಗುಣ ಸುಟ್ಟರೂ ಹೋಗದು. ಅಕ್ಕ ನೂಲು ತರಲು ಪೇಟೆಗೆ ಹೋಗಿದ್ದ ಹೊತ್ತಿನಲ್ಲಿ, ಯಾರದೋ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ತೇವ ಕುಡಿದು ಬಿದ್ದಿದ್ದ ದೊಡ್ಡ ಸೋಫಾವನ್ನು ಅವನು ಮಗುಚಿ ಹಾಕಿ ತಳದ ಬಟ್ಟೆಯನ್ನು ಸರ್ರನೆ ಹರಿದ. ಒಳಗೆ ನಾರೆಲ್ಲ ಬೂಷ್ಟು ಹಿಡಿದಿತ್ತು. ಹಸಿರುಗಪ್ಪು ಪುಡಿ ಮುಖದ ಮೇಲೇ ಎದ್ದಿತು. ಅಕ್ಕ ಬಂದಾಗ ಅವನು ಹುಬ್ಬುಗಳ ಮೇಲೆ ಅದೇ ಪುಡಿ ಮೆತ್ತಿಕೊಂಡು, ಕೆಮ್ಮುತ್ತ, ತುಂಬ ದಿನಗಳ ಮೇಲೆ ಸಂತೋಷವಾಗಿದ್ದ. ಅವಳು ಬಾಯಿಗೆ ಬಂದಂತೆ ಬೈದಳು. ಕೈ ತುರಿಸ್ತಾ ಇತ್ತು ಅಕ್ಕಾ, ಎಂದಷ್ಟೇ ಹೇಳಿದ ಅವನು.

ಕೆಮ್ಮು ಹೋಗಲಿಲ್ಲ. ಜ್ವರ ಬಂತು. ಎದೆಯ ಚಿತ್ರ ತೆಗೆಸಿದಾಗ ಬಲಗಡೆಯ ಶ್ವಾಸಕೋಶದಲ್ಲಿ ಬಿಳಿಯ ಉಂಡೆಯೊಂದು ಕಂಡಿತು.

"ಬೂಷ್ಟಿನ ಬೀಜ ನಿಮ್ಮ ಎದೆಯೊಳಗೂ ಹೋಗುತ್ತೆ, ನನ್ನ ಎದೆಯೊಳಗೂ ಹೋಗುತ್ತೆ, ದಿನಾ," ಎಂದರು ಡಾಕ್ಟರಮ್ಮ. ಅವರ ಎದುರಿನ ಕುರ್ಚಿಯ ತೋಳು ಸವೆದು ಸ್ಪಂಜು ಕಾಣುತ್ತಿತ್ತು. ಅಕ್ಕ ಅದನ್ನೇ ನೋಡುತ್ತ ಕೂತಿದ್ದಳು. "ಶ್ವಾಸಕೋಶದ ಒಳಗೇ ಕಾದು ಕೂತಿರೋ ಕಣಗಳು ಅದನ್ನ ಹಿಡಿದು ನುಂಗಿಬಿಡ್ತವೆ. ನಮಗೆ ಗೊತ್ತೂ ಆಗಲ್ಲ. ತಪ್ಪಿಸಿಕೊಂಡ ಬೀಜ ಮೊಳಕೆ ಒಡೆದರೆ ನೂಲಿನ ಹಾಗೆ ಎಳೆ ಬಿಡುತ್ತೆ. ಅಷ್ಟು ಉದ್ದದ್ದನ್ನ ಯಾವ ಕಣಕ್ಕೂ ನುಂಗೋಕೆ ಆಗಲ್ಲ. ಆಗ ರಕ್ತದಿಂದ ಬಿಳಿಯ ಕಣಗಳು ದಂಡು ಕಟ್ಟಿಕೊಂಡು ಬಂದು ಸುತ್ತುವರೀತವೆ. ವಿಷ ಉಗುಳಿ ಅದನ್ನ ಸುಡ್ತವೆ, ತಾವೂ ಸಾಯ್ತವೆ."

"ಮೂಲೇಲಿ ಕೂತು ಬಂದವರನ್ನೆಲ್ಲ ಗುಮಾನಿಯಿಂದ ನೋಡೋ ಮುದುಕಿ ಅತ್ತೆ," ಎಂದ ಸ್ಪ್ರಿಂಗು ಏದುಸಿರಿನ ನಡುವೆ. "ಅವಳು ಕೂಗಿದ ಕೂಡಲೇ ದೊಣ್ಣೆ ಹಿಡಿದು ಓಡಿಬರೋ ಮೈದುನರು. ಅಲ್ವಾ ಡಾಕ್ಟ್ರೇ?"

"ಅವರೇ. ಈಗ ಎಲ್ಲರೂ ಮಲಗಿದ್ದಾರೆ, ನಾನೇ ಮಲಗಿಸಿದ್ದೀನಿ. ಫಂಗಸ್‌ಗೆ ಔಷಧಿ ಕೊಡ್ತೀನಿ. ಆದರೆ ಬರೀ ಔಷಧಿಯಿಂದ ಇದು ಹೋಗೋದು ಕಷ್ಟ. ಮಲಗಿಸೋ ಮಾತ್ರೆ ಕಡಿಮೆ ಮಾಡಿ ಅವರನ್ನ ಎಬ್ಬಿಸಬೇಕು."

"ಎದ್ದವರು ಕಳ್ಳನನ್ನ ಮಾತ್ರ ಓಡಿಸ್ತಾರಾ?" ಎಂದು ಕೇಳಿದಳು ಅಕ್ಕ.

ಡಾಕ್ಟರಮ್ಮ ಎದೆಯ ಚಿತ್ರವನ್ನು ಮೇಜಿನ ಮೇಲಿಟ್ಟರು. "ಹಾಗೆ ಹೇಳೋಕೆ ಆಗಲ್ಲ. ಕಿಡ್ನಿ ಹೋಗಬಹುದು. ಹೋದರೆ ಮತ್ತೆ ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸ್ತಾ ಬದುಕಬಹುದು. ಶ್ವಾಸಕೋಶ ಹೋದರೆ ಬದುಕೋಕೆ ದಾರಿ ಇಲ್ಲ."

ಅತ್ತ ದರಿ, ಇತ್ತ ಪುಲಿ. ಆದರೂ ಅಕ್ಕ ಅಲ್ಲಿಯೇ ನಿರ್ಧರಿಸಿಬಿಟ್ಟಳು. ಸ್ಪ್ರಿಂಗೂ ತಲೆ ಆಡಿಸಿದ. ಮಾತ್ರೆ ಯಾವುದನ್ನು ಬಿಡಬೇಕು, ಯಾವುದನ್ನು ಅರ್ಧ ಮಾಡಬೇಕು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಬಿಟ್ಟ ಮಾತ್ರೆಗಳನ್ನು ಎಸೆದುಬಿಡುವುದಾಗಿ ಅವನು ಒಪ್ಪಿಕೊಂಡ.

ಮನೆಗೆ ಬಂದ ಮೇಲೆ ಅವನು ಕಿಟಕಿಯ ಪಕ್ಕದ ದೊಡ್ಡ ಕುರ್ಚಿ ಬಿಟ್ಟು ಏಳಲಿಲ್ಲ. ಸ್ಪ್ರಿಂಗು ಒಂದೇ ಕಡೆ ಕೂತಿದ್ದಾನೆಂದರೆ ಬೀದಿಯವರಿಗೂ ನಂಬಿಕೆಯಾಗಲಿಲ್ಲ. ಜ್ವರ ಇಳಿಯಲಿಲ್ಲ, ಕಫದಲ್ಲಿ ರಕ್ತ ಕಾಣಿಸಿತು. ರಕ್ತ ಪರೀಕ್ಷೆಯ ಫಲ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಮಲಗಿಸುವ ಔಷಧಿಯ ಮಟ್ಟ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಫಂಗಸ್ ಔಷಧಿಯ ಜೊತೆ ಸೇರಿದಾಗ ಹೀಗಾಗುವುದುಂಟು ಎಂದು ಇನ್ನಷ್ಟು ಕಡಿಮೆ ಮಾಡಲು ಹೇಳಿದರು. ಇಲ್ಲೇ ಸೇರಿಸಿಬಿಡೋಣವೇ ಎಂದು ಕೇಳಿದ್ದಕ್ಕೆ ಅವನು, "ಅಕ್ಕ ಕಾವಲಿದ್ದಾಳಲ್ಲ," ಎಂದು ತಪ್ಪಿಸಿಕೊಂಡ.

ಕಾವಲಿಗಿದ್ದ ಅಕ್ಕನಿಗೆ ಗೊತ್ತಾದದ್ದು ದಿಂಬಿನಿಂದ. ಅವನು ಮುಖ ತೊಳೆಯಲು ಎದ್ದು ಹೋದಾಗ ಅವಳು ಕುರ್ಚಿಯ ದಿಂಬನ್ನು ಕೊಡವಲು ಎತ್ತಿಕೊಂಡಳು. ಅಂಚಿನಲ್ಲಿ ಒಂದು ಗೇಣು ಹೊಲಿಗೆ ಹೊಸದು. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ, ಏಕೆಂದರೆ ಅದು ನೂಲು ಹೊರಗೆ ಕಾಣದ ಒಳಹೊಲಿಗೆ. ಅದನ್ನು ಅವನಿಗೆ ಕಲಿಸಿದವಳು ಅವಳೇ. ಚಿಕ್ಕಂದಿನಲ್ಲಿ ಅವನು ಪೆಪ್ಪರಮಿಂಟುಗಳನ್ನು ಹೀಗೆಯೇ ದಿಂಬಿನೊಳಗೆ ಬಚ್ಚಿಡುತ್ತಿದ್ದ. ಒತ್ತಿದರೆ ಒಳಗೆ ಚರಚರ ಎಂದಿತು. ಅವಳು ಕತ್ತರಿ ಹಾಕಿದಳು. ಎಸೆದೆನೆಂದು ಅವನು ಹೇಳಿದ್ದ ಮಾತ್ರೆಗಳ ಹಾಳೆಗಳು ಅಲ್ಲಿದ್ದವು, ಬಹುಪಾಲು ಖಾಲಿ.

ಗೋಡೆ ಹಿಡಿದುಕೊಂಡು ಬಂದ ತಮ್ಮ ಅವಳ ಮಡಿಲಲ್ಲಿದ್ದ ದಿಂಬನ್ನು ನೋಡಿ ಅಲ್ಲಿಯೇ ನಿಂತ.

"ಇಷ್ಟು ದಿನ ನುಂಗ್ತಾ ಇದ್ದೀಯಾ?"

ಅವನು ದಿಂಬಿಗಾಗಿ ಕೈ ಚಾಚಿದ.

"ಮುಠ್ಠಾಳ! ಎದೆಯೊಳಗೆ ಅದು ಬೇರು ಬಿಡ್ತಾ ಇದೆ, ನೀನು ಅವರಿಗೆ ಜೋಗುಳ ಹಾಡ್ತಾ ಕೂತಿದ್ದೀಯಾ?"

"ಅವರು ಎದ್ರೆ ಮೊದಲು ಅವಳನ್ನೇ ಹಿಡೀತಾರೆ ಅಕ್ಕಾ." ಅವನು ಕುರ್ಚಿಯಲ್ಲಿ ಕುಸಿದ. "ನೀನು ಇವತ್ತಿಗೂ ಎಡಗಡೆ ಮಗ್ಗುಲಾಗಿ ಮಲಗಲ್ಲ. ನನಗೆ ಕಾಣಲ್ವಾ? ಮದುವೆ ಬಿಟ್ಟೆ, ನನ್ನಿಂದ. ಮೈ ಕುಯ್ಯಿಸಿಕೊಂಡೆ, ನನ್ನಿಂದ. ನಿನಗೆ ಅಂತ ಇರೋಳು ಅವಳೊಬ್ಬಳೇ. ಅವಳನ್ನ ನಾನೇ ಕೈಯಾರೆ ಹೊರಗೆ ತಳ್ಳಲಾ? ಔಷಧಿಯಿಂದಲೇ ವಾಸಿಯಾಗಬಹುದು ಅಂದುಕೊಂಡೆ."

ಅವಳಿಗೆ ಸಿಟ್ಟು ಎಷ್ಟು ಬಂತೆಂದರೆ ಅವನ ಕೆನ್ನೆಗೆ ಬಾರಿಸಲು ಕೈ ಎತ್ತಿದಳು. ಎತ್ತಿದ ಕೈ ಅವನ ಹಣೆಯ ಮೇಲೆ ಹೋಗಿ ಕೂತಿತು. ಹಣೆ ಕೆಂಡವಾಗಿತ್ತು.

"ಕೇಳಿಲ್ಲಿ. ನಾನು ಕೊಟ್ಟದ್ದು ನೀನು ಬದುಕಲಿ ಅಂತ. ಅದು ಬದುಕಲಿ ಅಂತ ಅಲ್ಲ. ಅದು ನನ್ನ ಒಂದು ಚೂರು. ನೀನು ಹೋದ್ರೆ ನನಗೆ ಏನು ಉಳಿಯುತ್ತೋ?" ಅವಳು ಅವನ ಕೆದರಿದ ಕೂದಲನ್ನು ಹಿಂದಕ್ಕೆ ತಳ್ಳಿದಳು. "ಹುಡುಗಿ ಹೋಗಲಿ ಬಿಡು. ನಾನೇ ಹೇಳ್ತಾ ಇದ್ದೀನಿ, ಹೆತ್ತವಳು. ಅವರನ್ನ ಎಬ್ಬಿಸು."

ಅವನು ಮಗುವಿನ ಹಾಗೆ ಅತ್ತ. ಅವಳೂ ಅತ್ತಳು. ಆಮೇಲೆ ಮಾತ್ರೆಗಳನ್ನೆಲ್ಲ ಬಾಚಿಕೊಂಡು, ಅವನ ಕೈ ಹಿಡಿದು, ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಬಯ್ಯಲಿಲ್ಲ. ಮಲಗಿಸುವ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಅವನನ್ನು ಒಳಗೆ ಸೇರಿಸಿಕೊಂಡರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತೇ ಎಂದು ಅಕ್ಕ ಕೇಳಲಿಲ್ಲ. ಉತ್ತರ ಅವರ ಮುಖದಲ್ಲಿಯೇ ಇತ್ತು. ಬೂಷ್ಟಿನ ಎಳೆಗಳು ರಕ್ತನಾಳಗಳ ಒಳಗೂ ನುಗ್ಗಿದ್ದವು. ಮಾತ್ರೆ ನಿಲ್ಲಿಸಿದ ಕೂಡಲೇ ಕಾವಲಿನವರು ಧಡಕ್ಕನೆ ಎದ್ದು ಕೂರುವುದಿಲ್ಲ, ಮೈ ಮುರಿದು ಏಳಲು ಅವರಿಗೂ ಹೊತ್ತು ಬೇಕು ಎಂದರು.

ಸ್ಪ್ರಿಂಗಿಗೆ ಉಸಿರಾಟದ ಯಂತ್ರ ಹಾಕಿದರು. ಅಕ್ಕ ಗಾಜಿನ ಬಾಗಿಲಿನ ಹೊರಗಿನ ಬೆಂಚಿನಲ್ಲಿ ಕೂತಳು. ಅವಳ ಕಣ್ಣು ಅವನ ಮುಖಕ್ಕಿಂತ ಹೆಚ್ಚಾಗಿ ಮಂಚದ ಬದಿಗೆ ತೂಗುಹಾಕಿದ್ದ ಮೂತ್ರದ ಚೀಲದ ಮೇಲಿತ್ತು. ಚೀಲ ತುಂಬುತ್ತಿದೆ ಎಂದರೆ ಹುಡುಗಿ ಇನ್ನೂ ಕೆಲಸ ಮಾಡುತ್ತಿದ್ದಾಳೆ. ಹುಡುಗಿ ಕೆಲಸ ಮಾಡುತ್ತಿದ್ದಾಳೆ ಎಂದರೆ ಅತ್ತೆಮನೆಯವರು ಇನ್ನೂ ಎದ್ದಿಲ್ಲ. ಹಾಗೆಲ್ಲ ತಾಳೆ ಹಾಕಬೇಡಿ, ಒಳಗಿನ ವ್ಯವಹಾರ ಅಷ್ಟು ಸರಳವಲ್ಲ ಎಂದು ಡಾಕ್ಟರಮ್ಮ ಹೇಳಿದರೂ ಅವಳ ತಲೆ ಬೇರೆ ದಾರಿ ಹಿಡಿಯಲಿಲ್ಲ. ನರ್ಸು ಹೊರಗೆ ಬಂದಾಗಲೆಲ್ಲ ಕೇಳುತ್ತಿದ್ದಳು.

"ಕಿಡ್ನಿ ಹೇಗಿದೆಯಮ್ಮಾ?"

"ತುಂಬಾ ಚೆನ್ನಾಗಿದೆ ಅಕ್ಕಾ! ಅದರ ಬಗ್ಗೆ ಯೋಚನೆಯೇ ಬೇಡ," ಎಂದು ನರ್ಸು ಸಮಾಧಾನದ ಸುದ್ದಿ ಕೊಡುವವಳಂತೆ ಮುಖ ಅರಳಿಸಿ ಹೇಳುತ್ತಿದ್ದಳು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರೆ, ಪಾಪ, ಆನಂದಕ್ಕೆ ಅಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು.

ಸಾಯೇ, ಎಂದು ಅವಳು ಮನಸ್ಸಿನಲ್ಲೇ ತನ್ನ ಹುಡುಗಿಗೆ ಹೇಳುತ್ತಿದ್ದಳು. ಒಂದು ದಿನವೂ ಕೆಟ್ಟ ಮಾತಾಡಿರಲಿಲ್ಲ ಅವಳಿಗೆ. ಸಾಯೇ ತಾಯಿ, ಜಾಗ ಬಿಡು. ಅವರು ಎದ್ದರು ಅಂತ ನನಗೆ ಗೊತ್ತಾಗಲಿ. ನಿನ್ನನ್ನ ಹೊಡೆದಾದರೂ ಸರಿ, ಅವರ ಕೈಗೆ ದೊಣ್ಣೆ ಬರಲಿ. ಹುಡುಗಿ ಕೇಳಲಿಲ್ಲ. ಚೀಲ ತುಂಬುತ್ತಿತ್ತು, ನರ್ಸು ಬದಲಾಯಿಸುತ್ತಿದ್ದಳು, ಅದು ಮತ್ತೆ ತುಂಬುತ್ತಿತ್ತು.

ಒಂದು ಬೆಳಗ್ಗೆ, ನೆಲ ಒರೆಸುವವಳು ಬೆಂಚಿನ ಕೆಳಗೆ ಒರೆಸಲು ಕಾಲೆತ್ತಲು ಹೇಳುತ್ತಿದ್ದಾಗ, ಡಾಕ್ಟರಮ್ಮ ಹೊರಗೆ ಬಂದು ಅಕ್ಕನ ಪಕ್ಕದಲ್ಲಿ ಕೂತರು. ಅವರು ಎಂದೂ ಕೂತವರಲ್ಲ.

"ಶ್ವಾಸಕೋಶದಲ್ಲಿ ರಕ್ತನಾಳ ಒಡೆದುಹೋಯ್ತು. ತಡೆಯೋಕೆ ಆಗಲಿಲ್ಲ," ಎಂದರು. "ಹೋಗಿಬಿಟ್ಟ ಅಮ್ಮಾ."

ಅಕ್ಕ ಎತ್ತಿದ್ದ ಕಾಲುಗಳನ್ನು ಒದ್ದೆ ನೆಲದ ಮೇಲೆ ಇಳಿಸಿದಳು. ಆಮೇಲೆ ಕೇಳಿದಳು: "ನಮ್ಮ ಹುಡುಗಿ?"

ಡಾಕ್ಟರಮ್ಮನಿಗೆ ಅರ್ಥವಾಯಿತು. "ಕೊನೇವರೆಗೂ ಕೆಲಸ ಮಾಡ್ತಾನೇ ಇತ್ತು," ಎಂದರು.

ಒಳಗೆ ಯಂತ್ರಗಳನ್ನು ನಿಲ್ಲಿಸಿದ್ದರು. ಅವನು ಅಲುಗಾಡದೆ ಮಲಗಿದ್ದ. ಅಕ್ಕ ಅವನ ಕೈ ಹಿಡಿದಳು. ಬೆರಳ ತುದಿಗಳು ಆಗಲೇ ತಣ್ಣಗಾಗುತ್ತಿದ್ದವು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳು. ನರ್ಸು ಬಗ್ಗಿ ಮಂಚದ ಬದಿಯ ಚೀಲ ಬಿಚ್ಚಲು ಹೋದಾಗ, "ಒಂದು ನಿಮಿಷ ಇರಮ್ಮ," ಎಂದು ತಡೆದಳು.

ಅವಳು ಮಂಡಿಯೂರಿ ಕೂತು ಆ ಚೀಲವನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಅದು ಇನ್ನೂ ಬೆಚ್ಚಗಿತ್ತು.

"ಮನೆ ಖಾಲಿ ಆಯ್ತಲ್ಲೇ," ಎಂದಳು. "ಇನ್ನು ಸಾಕು ಬಿಡೇ ಕೆಲಸ."